ತೀರ್ಥಹಳ್ಳಿಯಿಂದ ವೈನರಿ, ಬ್ರೂವರಿ ನೋಡೋಕೆ ಮೂರು ದಿನ: ಈ ಪ್ಲಾನ್ ನಡೆಯುತ್ತಾ?

ಕೆಸುವಿನೆಲೆ (ಪ್ರಶ್ನೆ)

ಫೆಬ್ರವರಿ ಕೊನೆಗೆ ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿಯುತ್ತೆ. ಆಮೇಲೆ ನಾಲ್ಕು ಜನ ಕಾರಲ್ಲಿ ಹೊರಡೋದು ಅಂತ ಮಾತಾಗಿದೆ. ಕಾಗದದ ಮೇಲಿನ ಲೆಕ್ಕ ಹೀಗಿದೆ. ಮೊದಲ ದಿನ ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟು ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ವೈನರಿ, ಸಂಜೆ ಬೆಂಗಳೂರಲ್ಲಿ ಎರಡು ಮೈಕ್ರೋಬ್ರೂವರಿ (ಅಲ್ಲೇ ಬಿಯರ್ ಮಾಡಿ ಕೊಡೋ ಜಾಗ). ಎರಡನೇ ದಿನ ಚನ್ನಪಟ್ಟಣದ ದೊಮೇನ್ ಸುಲಾ ವೈನರಿ, ಸಂಜೆ ಮತ್ತೆರಡು ಬ್ರೂವರಿ. ಮೂರನೇ ದಿನ ವಾಪಸ್.

ಕೇಳೋದು ಇಷ್ಟು:
ಈ ಸಮಯ ಸರಿಯಾ? ತೋಟದಲ್ಲಿ ನೋಡೋಕೆ ಏನಾದ್ರೂ ಇರುತ್ತಾ?
ಡ್ರೈವಿಂಗ್ ಸರದಿ ಮೇಲೆ ಮಾಡಿದ್ರೆ ಸಾಕಾ? ಟೇಸ್ಟಿಂಗ್ ಅಂದ್ರೆ ಗುಟುಕು ಗುಟುಕು ತಾನೇ.
ವೈನ್ ರುಚಿ ನೋಡೋದು ಹೇಗೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಪೆದ್ದರ ಹಾಗೆ ನಿಲ್ಲೋದು ಬೇಡ.
ಮಲೆನಾಡಲ್ಲೇ ಇಂಥ ತೋಟ ಯಾಕಿಲ್ಲ ಅನ್ನೋದು ಉಪಪ್ರಶ್ನೆ.

---

ದಾಬಸ್‌ಪೇಟೆ_ತಿರುವು

ಮೊದಲು ಸರದಿಯ ವಿಷಯ. ಅದು ನಡೆಯೋಲ್ಲ ಮಾರಾಯ್ರೆ. ವೈನರಿಯಲ್ಲಿ ಸಾಮಾನ್ಯವಾಗಿ ಐದು ಬಗೆ ಕೊಡ್ತಾರೆ, ತಲಾ 30 ಮಿ.ಲೀ. ಅಂತ ಹಿಡಿಯಿರಿ. ಒಟ್ಟು 150 ಮಿ.ಲೀ. ಆಯ್ತು. ಶೇ. 13ರ ವೈನ್ ಆದ್ರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 19.5 ಮಿ.ಲೀ., ತೂಕದಲ್ಲಿ ಸುಮಾರು 15 ಗ್ರಾಂ. 70 ಕೆ.ಜಿ. ತೂಕದ ಗಂಡಸಿಗೆ ಅಷ್ಟು ಒಮ್ಮೆಗೇ ಹೊಟ್ಟೆಗಿಳಿದ್ರೆ ರಕ್ತದಲ್ಲಿ 100 ಮಿ.ಲೀ.ಗೆ ಹತ್ತಿರ ಹತ್ತಿರ 30 ಮಿ.ಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಕಿರೋ ಮಿತಿಯೂ ಅದೇ 30. ದಾಟಿ ಸಿಕ್ಕಿಬಿದ್ರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದೇಹ ಗಂಟೆಗೆ ಕರಗಿಸೋದು 7ರಿಂದ 10 ಗ್ರಾಂ ಮಾತ್ರ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದರಿಂದಲೂ ಅದು ಬೇಗ ಆಗೋಲ್ಲ. ಹಾಗಾಗಿ ಡ್ರೈವರ್ ಅಂದ್ರೆ ಮೂರೂ ದಿನ ಒಂದು ಗುಟುಕನ್ನೂ ಮುಟ್ಟದವರು. ಅಂಥವರು ನಿಮ್ಮಲ್ಲಿ ಇಲ್ಲದಿದ್ರೆ ಬಾಡಿಗೆಗೆ ಚಾಲಕರನ್ನ ಕರ್ಕೊಂಡು ಹೋಗಿ, ಇಲ್ಲ ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹತ್ತಿ.

ಎರಡನೇದು ದಿಕ್ಕು. ದೊಡ್ಡಬಳ್ಳಾಪುರ ಬೆಂಗಳೂರಿನ ಉತ್ತರಕ್ಕೆ, ಚನ್ನಪಟ್ಟಣ ಮೈಸೂರು ರಸ್ತೆಯಲ್ಲಿ ನೈಋತ್ಯಕ್ಕೆ. ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕಿದ್ರೆ ನೋಡೋದಕ್ಕಿಂತ ಟ್ರಾಫಿಕ್‌ನಲ್ಲಿ ಕೂರೋದೇ ಹೆಚ್ಚು. ಒಂದನ್ನ ಬಿಡಿ. ಮೊದಲ ಸಲಕ್ಕೆ ದೊಡ್ಡಬಳ್ಳಾಪುರ ಸಾಕು.

ಕಾರಲ್ಲೇ ಹೋಗೋದಾದ್ರೆ ಬೆಂಗಳೂರಿನ ಒಳಗೆ ನುಗ್ಗಬೇಕಾಗಿಲ್ಲ. ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದ್ರೆ ನೇರ ದೊಡ್ಡಬಳ್ಳಾಪುರ. ವೈನರಿ ಇರೋದು ಅಲ್ಲಿಂದ ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ. ಶಿವಮೊಗ್ಗದಿಂದ ಹೆಚ್ಚೂಕಡಿಮೆ 300 ಕಿ.ಮೀ. ತೀರ್ಥಹಳ್ಳಿಯಿಂದ ಇನ್ನೂ 60 ಸೇರಿಸಿ. ಊಟ, ಟೀ ಎಲ್ಲ ಸೇರಿ ಎಂಟು ತಾಸಿನ ದಾರಿ. ಅದೇ ದಿನ ಟೂರ್ ಇಟ್ಕೊಂಡ್ರೆ ಮಧ್ಯಾಹ್ನದ ಸ್ಲಾಟ್ ಕೈತಪ್ಪೋದೇ ಸರಿ. ಮೊದಲ ದಿನ ಪ್ರಯಾಣ ಮಾತ್ರ ಮಾಡಿ, ದೇವನಹಳ್ಳಿಯಲ್ಲೋ ಯಲಹಂಕದಲ್ಲೋ ಉಳಿದು, ಎರಡನೇ ದಿನ ಬೆಳಿಗ್ಗೆ ಟೂರ್ ಮಾಡಿ.

ರೈಲಿಗೆ ಹೋಗಿ ಬೆಂಗಳೂರಲ್ಲಿ ಕ್ಯಾಬ್ ಹಿಡಿಯೋರಿಗೆ ಒಂದು ಮಾತು: 8 ಗಂಟೆ/80 ಕಿ.ಮೀ. ಪ್ಯಾಕೇಜ್ ಸಾಲೋಲ್ಲ, ಮೆಜೆಸ್ಟಿಕ್‌ನಿಂದ ಹೋಗಿಬರೋಕೇ 80 ದಾಟುತ್ತೆ. ಹೆಚ್ಚುವರಿ ಕಿಲೋಮೀಟರಿಗೆ ಎಷ್ಟು ಅಂತ ಹತ್ತೋ ಮೊದಲೇ ಮಾತಾಡಿ.

---

ಓಕ್_ಪೀಪಾಯಿ

ಸಮಯದ ಬಗ್ಗೆ: ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ, ಏಪ್ರಿಲ್ ಸುಮಾರಿಗೆ ಸವರುವುದು ಮುಂದಿನ ಬೆಳೆಯ ಕಡ್ಡಿ ಬೆಳೆಸಲು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸವರುವುದು ಹಣ್ಣಿಗಾಗಿ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ, ಕೆಲವು ತಳಿಗಳು ಇನ್ನೂ ಸ್ವಲ್ಪ ತಡ. ಫೆಬ್ರವರಿ ಕೊನೆಯಲ್ಲಿ ಹೋದವರಿಗೆ ಬಳ್ಳಿಯ ಮೇಲೆ ಗೊಂಚಲೂ ಕಾಣುತ್ತದೆ, ಒಳಗೆ ಹಣ್ಣು ಅರೆಯುವುದೂ ಕಾಣುತ್ತದೆ. ಮೇ ತಿಂಗಳಲ್ಲಿ ಹೋದರೆ ಹಣ್ಣಿಲ್ಲದ ಬಳ್ಳಿ, ಸ್ಟೀಲ್ ಟ್ಯಾಂಕ್ ಅಷ್ಟೇ. ಟೂರ್ ಮೊದಲೇ ಬುಕ್ ಮಾಡಿ, ಫೋನ್‌ನಲ್ಲಿ ‘ಈ ವಾರ ಕ್ರಷಿಂಗ್ ಇದೆಯಾ’ ಅಂತಲೂ ಕೇಳಿ. ಭಾನುವಾರ ಬೇಡ. ನಂದಿಬೆಟ್ಟಕ್ಕೆ ಬಂದ ಜಾತ್ರೆಯೆಲ್ಲ ಇಳಿದು ಅಲ್ಲಿಗೇ ಬರುತ್ತದೆ, ಗೈಡ್ ಹೇಳಿದ್ದು ಹಿಂದೆ ನಿಂತವರಿಗೆ ಕೇಳಿಸುವುದಿಲ್ಲ.

ಗ್ರೋವರ್ 1988ರಲ್ಲಿ ಶುರುವಾದದ್ದು. ಫ್ರಾನ್ಸ್‌ನ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದಿಗೆ ಸೇರಿ ಗ್ರೋವರ್ ಜಂಪಾ ಆಯಿತು. ಇದನ್ನು ಗೈಡ್ ಹೇಗೂ ಹೇಳುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ‘ಕೊಯ್ಲಿನ ದಿನ ಹಣ್ಣಿನ ಬ್ರಿಕ್ಸ್ ಎಷ್ಟಿತ್ತು?’ ಬ್ರಿಕ್ಸ್ ಎಂದರೆ ರಸದ ಸಕ್ಕರೆಯ ಅಳತೆ. ಅದನ್ನು 0.55ರಿಂದ ಗುಣಿಸಿದರೆ ಆಗಲಿರುವ ಆಲ್ಕೋಹಾಲ್ ಪ್ರಮಾಣ ಸಿಗುತ್ತದೆ. 24 ಬ್ರಿಕ್ಸ್ ಇದ್ದರೆ ಶೇ. 13 ಚಿಲ್ಲರೆ. ಇಷ್ಟು ಕೇಳಿದರೆ ಸಾಕು, ಗೈಡ್ ಬಾಯಿಪಾಠ ಬಿಟ್ಟು ಮಾತಾಡಲು ಶುರುಮಾಡುತ್ತಾರೆ.

ಒಳಗೆ ಕೈಚೀಲ, ಮೊಬೈಲ್ ಹಿಡಿದು ಹುದುಗುವ ಟ್ಯಾಂಕಿನ ಬಾಯಿಗೆ ಬಗ್ಗಬೇಡಿ. ಹುದುಗುವಾಗ ಇಂಗಾಲದ ಡೈಆಕ್ಸೈಡ್ ದಂಡಿಯಾಗಿ ಏಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ಟ್ಯಾಂಕಿನ ಬಾಯಲ್ಲೇ ನಿಂತಿರುತ್ತದೆ. ಒಂದೇ ಉಸಿರಿಗೆ ತಲೆ ಸುತ್ತಬಹುದು. ನೆಲ ಯಾವಾಗಲೂ ಒದ್ದೆ, ಹವಾಯಿ ಚಪ್ಪಲಿ ಹಾಕಿದವರು ಜಾರುತ್ತಾರೆ. ಕೆಂಪು ವೈನ್ ಸಿಪ್ಪೆಯ ಜೊತೆಗೇ 24ರಿಂದ 28 ಡಿಗ್ರಿಯಲ್ಲಿ ಹುದುಗುತ್ತದೆ. ಬಿಳಿಯದ್ದು ಬರೀ ರಸ, 12ರಿಂದ 16 ಡಿಗ್ರಿ. ಟ್ಯಾಂಕಿನ ಮೇಲಿನ ಥರ್ಮಾಮೀಟರ್ ನೋಡಿದರೆ ಒಳಗೆ ಯಾವುದಿದೆ ಅಂತ ನೀವೇ ಹೇಳಬಹುದು. ಪೀಪಾಯಿ ಕೋಣೆಯಲ್ಲಿ ಕಾಣುವ ಓಕ್ ಪೀಪಾಯಿ 225 ಲೀಟರಿನದು. ಒಂದರಿಂದ 300 ಬಾಟಲಿ.

ಇನ್ನು ರುಚಿ ನೋಡುವುದು. ಮಲೆನಾಡಿನವರಿಗೆ ಇದು ಬೇರೆಯವರಿಗಿಂತ ಸುಲಭ, ಯಾಕೆಂದರೆ ಬೇಕಾದ ಪದಗಳು ನಾಲಿಗೆಯ ಮೇಲೆ ಮೊದಲೇ ಇವೆ. ಕೆಂಪು ವೈನ್ ಬಾಯಿಗೆ ಹಾಕಿ ಒಂದು ಗಳಿಗೆ ಇಟ್ಟುಕೊಂಡಾಗ ಒಸಡು ಬಿಗಿದು, ಕೆನ್ನೆಯ ಒಳಗೆಲ್ಲ ಒಣಗಿದ ಹಾಗೆ ಆಗುತ್ತದಲ್ಲ, ಅದಕ್ಕೆ ಟ್ಯಾನಿನ್ ಎನ್ನುತ್ತಾರೆ. ಅಡಿಕೆ ಬೇಯಿಸಿದ ಹಂಡೆಯ ಚೊಗರು ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಗದ ಪದಾರ್ಥ. ಚೊಗರು ಹಸಿಯಾಗಿ ಗೀರುತ್ತದೋ, ಮೆತ್ತಗೆ ಹರಡುತ್ತದೋ ಎಂಬುದೇ ಕೆಂಪು ವೈನಿನ ಅರ್ಧ ವಿಮರ್ಶೆ. ಹುಳಿಯನ್ನು ಅಳೆಯುವುದು ಜೊಲ್ಲಿನಿಂದ. ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಯಿಂದ ನೀರು ಒಸರಿದರೆ ಹುಳಿ ಚೆನ್ನಾಗಿದೆ. ಮುರುಗಲು ಸಿಪ್ಪೆ ಕಚ್ಚಿದಾಗ ಆಗುವುದೂ ಅದೇ. ಟ್ಯಾನಿನ್ ಒಣಗಿಸುತ್ತದೆ, ಹುಳಿ ನೀರೂರಿಸುತ್ತದೆ. ಹೊಸಬರು ಗೊಂದಲ ಮಾಡಿಕೊಳ್ಳುವುದು ಇವೆರಡರ ನಡುವೆಯೇ.

ಕ್ರಮ: ಬಿಳಿ, ರೋಸೆ (ಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ. ಸಿಹಿ ಮೊದಲು ಕುಡಿದರೆ ಉಳಿದದ್ದೆಲ್ಲ ಹುಳಿ ಅನಿಸುತ್ತದೆ. ಗ್ಲಾಸನ್ನು ಕಡ್ಡಿಯಲ್ಲಿ ಹಿಡಿಯಿರಿ, ಮೇಲಿನ ಬಟ್ಟಲನ್ನು ಅಂಗೈಯಲ್ಲಿ ಹಿಡಿದರೆ ಬಿಸಿಯಾಗುತ್ತದೆ. ಆಡಿಸುವ ಮೊದಲು ಒಮ್ಮೆ ಮೂಸಿ, ಆಡಿಸಿ ಮತ್ತೊಮ್ಮೆ ಮೂಸಿ. ಮೊದಲ ಮೂಸುವಿಕೆಯಲ್ಲಿ ಕೆಟ್ಟದ್ದು ಸಿಗುತ್ತದೆ: ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನ ದೋಷ, ಉಗುರು ಬಣ್ಣದ ಅಥವಾ ವಿನೆಗರ್ ಘಾಟು ಬಂದರೆ ಹುಳಿತಿದೆ, ಕೊಟ್ಟಿಗೆಯ ವಾಸನೆ ಬಂದರೆ ಬ್ರೆಟ್ ಎಂಬ ಯೀಸ್ಟ್. ಗೀರಿದ ಬೆಂಕಿಕಡ್ಡಿಯ ವಾಸನೆ ಮಾತ್ರ ದೋಷವಲ್ಲ, ಎರಡು ನಿಮಿಷ ಬಿಟ್ಟರೆ ಹಾರಿಹೋಗುತ್ತದೆ.

ಮುಖ್ಯವಾದದ್ದು: ಆ ದಿನ ಬೆಳಗಿನಿಂದ ಕವಳ ಬೇಡ. ಸುಣ್ಣ, ಅಡಿಕೆ ಎರಡೂ ಸೇರಿ ನಾಲಿಗೆಯ ಮೇಲೆ ಪದರ ಕಟ್ಟಿದರೆ ಆಮೇಲೆ ಹತ್ತು ಬಗೆ ಕುಡಿದರೂ ಒಂದೇ. ಸೆಂಟು, ಘಮಘಮಿಸುವ ತಲೆ ಎಣ್ಣೆಯೂ ಬೇಡ. ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ, ಅದು ಉಗುಳುವುದಕ್ಕೆ. ಪೀಕದಾನಿ ಕಂಡವರಿಗೆ ಸಂಕೋಚ ಯಾಕೆ? ಉಗುಳಿದರೆ ಯಾರೂ ಬೇಸರಪಡುವುದಿಲ್ಲ, ಕಸುಬಿನವರೆಲ್ಲ ಉಗುಳುವವರೇ.

ಉಪಪ್ರಶ್ನೆಗೆ ಒಂದೇ ಸಾಲು: ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಎಲೆ ಒದ್ದೆಯಾಗಿಯೇ ಇದ್ದರೆ ಡೌನಿ ಮಿಲ್ಡ್ಯೂ ಎಂಬ ಬೂಜು ರೋಗ ಬಳ್ಳಿಯನ್ನು ಬಿಡುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದ ಹಾಗೆಯೇ. ಹಾಗಾಗಿ ದ್ರಾಕ್ಷಿಗೂ ಬೋರ್ಡೋ ದ್ರಾವಣವನ್ನೇ ಹೊಡೆಯುತ್ತಾರೆ. ಆ ಮೈಲುತುತ್ತ, ಸುಣ್ಣದ ಮದ್ದು ಹುಟ್ಟಿದ್ದೇ ಫ್ರಾನ್ಸ್‌ನ ಬೋರ್ಡೋ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ. ನಿಮ್ಮ ಕೊನೆಗಾರರು ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ ಮದ್ದಿನ ಹೆಸರು ವೈನಿನ ಊರಿನದು.

---

ಬಾರ್ಲಿ_ಮೊಳಕೆ

ಬ್ರೂವರಿ ಭಾಗಕ್ಕೆ ನಾನು.

ದಿನಕ್ಕೆ ಎರಡು ಜಾಗ, ಅದಕ್ಕಿಂತ ಹೆಚ್ಚು ಬೇಡ. ಮೂರನೇ ಕಡೆ ನೀವು ಕುಡಿದದ್ದು ಏನು ಅಂತ ಮರುದಿನ ನೆನಪಿರೋಲ್ಲ. ಕಾರನ್ನ ಲಾಡ್ಜ್‌ನಲ್ಲೇ ಬಿಟ್ಟು ಮೆಟ್ರೋ ಹಿಡಿಯಿರಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ. ಇಂದಿರಾನಗರದಲ್ಲಿ ಇಳಿದ್ರೆ 100 ಅಡಿ ರಸ್ತೆಯ ಟಾಯ್ಟ್ ನಡಿಗೆ ದೂರ. ಅದೇ ಮಾರ್ಗದಲ್ಲಿ ಮುಂದೆ ವೈಟ್‌ಫೀಲ್ಡ್ ಕಡೆ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್, ಅಲ್ಲಿ ನಿಲ್ದಾಣದಿಂದ ಆಟೋ ಬೇಕು. ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಕೊಳ್ಳಿ.

ಬರೀ ಕುಡಿಯೋದಲ್ಲ, ಬಿಯರ್ ಮಾಡೋದನ್ನ ನೋಡಬೇಕು ಅಂದ್ರೆ ವಾರದ ದಿನ, ಮಧ್ಯಾಹ್ನದ ಒಳಗೆ ಹೋಗಿ, ಹಿಂದಿನ ದಿನ ಫೋನ್ ಮಾಡಿ. ಕುದಿಸೋ ಕೆಲಸ ನಡೆಯೋದು ಹಗಲು. ಪುಡಿ ಮಾಡಿದ ಮಾಲ್ಟನ್ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 65ರಿಂದ 68 ಡಿಗ್ರಿ ಬಿಸಿನೀರಲ್ಲಿ ಒಂದು ತಾಸು ನೆನೆಸ್ತಾರೆ, ಪಿಷ್ಟ ಸಕ್ಕರೆಯಾಗುತ್ತೆ. ಸೋಸಿ, ಹಾಪ್ಸ್ (ಕಹಿ ಕೊಡೋ ಹೂವು) ಹಾಕಿ ಒಂದು ತಾಸು ಕುದಿಸ್ತಾರೆ. ತಣ್ಣಗೆ ಮಾಡಿ ಯೀಸ್ಟ್ ಹಾಕ್ತಾರೆ. ಏಲ್ ಅನ್ನೋ ಬಗೆಯ ಬಿಯರ್ ಆದ್ರೆ 18-22 ಡಿಗ್ರಿಯಲ್ಲಿ ವಾರದೊಳಗೆ ಹುದುಗೋದು ಮುಗಿಯುತ್ತೆ. ಲಾಗರ್ ಅನ್ನೋ ಬಗೆಗೆ 8-12 ಡಿಗ್ರಿ, ಆಮೇಲೆ ವಾರಗಟ್ಟಲೆ ತಣ್ಣಗೆ ಕೂರಬೇಕು. ಸಣ್ಣ ಜಾಗಗಳಲ್ಲಿ ಏಲ್, ಗೋಧಿ ಬಿಯರ್ ಜಾಸ್ತಿ ಇರೋಕೆ ಕಾರಣ ಇದೇ. ಲಾಗರ್ ಇಟ್ರೆ ಟ್ಯಾಂಕ್ ಖಾಲಿಯಾಗೋಲ್ಲ.

ಮೊದಲು ದೊಡ್ಡ ಮಗ್ ಹೇಳ್ಬೇಡಿ. ‘ಸ್ಯಾಂಪ್ಲರ್’ ಅಂತ ಕೇಳಿ, ಸಣ್ಣ ಸಣ್ಣ ಗ್ಲಾಸ್ ಸಾಲಾಗಿ ಬರುತ್ತೆ. ತಿಳಿಯಿಂದ ಕಪ್ಪಿಗೆ, ಕಹಿ ಕಡಿಮೆಯಿಂದ ಹೆಚ್ಚಿಗೆ: ಗೋಧಿ, ಬ್ಲಾಂಡ್, ಆಂಬರ್, ಐಪಿಎ (ಹಾಪ್ಸ್ ಜಾಸ್ತಿ ಇರೋ ಕಹಿ ಏಲ್), ಸ್ಟೌಟ್ (ಕಪ್ಪು ಬಿಯರ್). ಐಪಿಎ ಮೊದಲು ಕುಡಿದ್ರೆ ಗೋಧಿ ಬಿಯರ್ ನೀರಿನ ಹಾಗಿರುತ್ತೆ. ಎಲ್ಲಾ ಕಡೆ ತೀರಾ ತಣ್ಣಗೆ ಕೊಡ್ತಾರೆ, ಸ್ಟೌಟ್‌ನ ಐದು ನಿಮಿಷ ಅಂಗೈಯಲ್ಲಿ ಹಿಡ್ಕೊಂಡು ಆಮೇಲೆ ಕುಡೀರಿ. ವೈನ್‌ಗೆ ಬಟ್ಟಲು ಮುಟ್ಟಬೇಡಿ ಅಂದ್ರಲ್ಲ, ಇಲ್ಲಿ ಉಲ್ಟಾ.

ಜರ್ಮನ್ ಬಗೆಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರಬೇಕು, ಬರದಿದ್ರೆನೇ ತಪ್ಪು. ಅದು ಯಾರೂ ಹಾಕಿದ್ದಲ್ಲ, ಯೀಸ್ಟೇ ಮಾಡೋದು. ಅದೇ ಲವಂಗ ಲಾಗರ್‌ನಲ್ಲಿ ಬಂದ್ರೆ ಎಡವಟ್ಟು. ಬೆಣ್ಣೆ ವಾಸನೆ ಬಂದು ನಾಲಿಗೆ ಜಿಡ್ಡಾದ್ರೆ ಡೈಅಸಿಟೈಲ್: ಹುದುಗಿದ ಮೇಲೆ ಯೀಸ್ಟ್‌ಗೆ ಸಮಯ ಕೊಡದೆ ತಣ್ಣಗೆ ಮಾಡಿದ್ದಾರೆ, ಇಲ್ಲ ನಲ್ಲಿಯ ಪೈಪ್ ತೊಳೆದಿಲ್ಲ. ಪೈಪನ್ನ ಎರಡು ವಾರಕ್ಕೊಮ್ಮೆ ತೊಳೀಬೇಕು. ಬೇಯಿಸಿದ ಜೋಳದ ತೆನೆ ವಾಸನೆ ಬಂದ್ರೆ ಕುದಿ ಸಾಲದು, ಇಲ್ಲ ಮುಚ್ಚಳ ಹಾಕಿ ಕುದಿಸಿದ್ದಾರೆ. ಹಸಿ ಸೇಬಿನ ವಾಸನೆ ಬಂದ್ರೆ ಅವಸರ, ಬಿಯರ್ ಇನ್ನೂ ಎಳಸು.

ಗ್ಲಾಸನ್ನೂ ನೋಡಿ. ಒಳಗೋಡೆಗೆ ಗುಳ್ಳೆಗಳು ಅಂಟ್ಕೊಂಡು ಕೂತಿದ್ರೆ ಗ್ಲಾಸಿಗೆ ಜಿಡ್ಡು ಹಿಡಿದಿದೆ. ಸ್ವಚ್ಛ ಗ್ಲಾಸ್ ಆದ್ರೆ ಗುಳ್ಳೆ ನಿಲ್ಲದೆ ಮೇಲೇರುತ್ತೆ, ಪ್ರತಿ ಗುಟುಕಿಗೂ ನೊರೆ ಒಂದೊಂದು ಬಳೆ ಬರೆದು ಇಳಿಯುತ್ತೆ. ಗ್ಲಾಸ್ ಬದಲಿಸಿ ಕೊಡಿ ಅಂದ್ರೆ ಕೊಡ್ತಾರೆ. ಮುಖ ಸಿಂಡರಿಸೋ ಜಾಗಕ್ಕೆ ಎರಡನೇ ಸಲ ಹೋಗೋದು ಬೇಡ.

21 ತುಂಬಿದ್ದಕ್ಕೆ ಗುರುತಿನ ಚೀಟಿ ಎಲ್ಲರ ಹತ್ರ ಇರಲಿ. ಚುನಾವಣೆ ಬಂದ್ರೆ ಮತದಾನ ಮುಗಿಯೋವರೆಗಿನ 48 ತಾಸು ಎಲ್ಲಾ ಬಂದ್.

---

ಕೆಸುವಿನೆಲೆ

ಚೊಗರಿನ ಉದಾಹರಣೆಗೆ ಕೈಮುಗಿದೆ, ತಕ್ಷಣ ಗೊತ್ತಾಯ್ತು. ಬಾವ ಒಬ್ಬರು ಮುಟ್ಟೋದೇ ಇಲ್ಲ, ಅವರೇ ಡ್ರೈವಿಂಗ್‌ಗೆ ಒಪ್ಪಿದ್ರು. ಹಾಗಾಗಿ ಕಾರಲ್ಲೇ. ಚನ್ನಪಟ್ಟಣ ಬಿಟ್ಟೆವು.

ಇನ್ನೆರಡು. ಊರಿಗೆ ಒಂದು ಡಜನ್ ವೈನ್ ಬಾಟಲಿ, ಎರಡು ಲೀಟರ್ ಬ್ರೂವರಿ ಬಿಯರ್ ತರೋ ಆಸೆ. ಬಿಸಿಲಲ್ಲಿ ಕೆಡುತ್ತಾ? ತಂದ ಮೇಲೆ ಅಟ್ಟದ ಮೇಲೆ ಇಡಬಹುದಾ? ಇನ್ನೊಂದು, ನಮ್ಮಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ. ವೈನಿಗೆ ಮೊಟ್ಟೆ ಹಾಕ್ತಾರೆ ಅಂತ ಯಾರೋ ತಲೆಗೆ ಹುಳ ಬಿಟ್ಟಿದ್ದಾರೆ.

---

ಬಾರ್ಲಿ_ಮೊಳಕೆ

ಬಿಯರ್ ತರೋದು ಬಿಟ್ಟುಬಿಡಿ. ಅದು ಸೋಸದ, ಪಾಶ್ಚರೀಕರಿಸದ ಬಿಯರ್, ಯೀಸ್ಟ್ ಜೀವಂತ ಇರುತ್ತೆ. ತಣ್ಣಗಿಟ್ರೂ ಒಂದೆರಡು ದಿನದ ಮಾತು. ಕಾರಿನ ಬಿಸಿಗೆ ಮತ್ತೆ ಹುದುಗೋಕೆ ಶುರುವಾಗಿ, ಬಿಗಿ ಮುಚ್ಚಳದ ಗಾಜಿನ ಬಾಟಲಿ ಸಿಡಿದ್ರೆ ಸೀಟೆಲ್ಲ ಗಾಜಿನ ಚೂರು. ಅಲ್ಲೇ ಕುಡಿದು ಬನ್ನಿ.

---

ಓಕ್_ಪೀಪಾಯಿ

ಮೊಟ್ಟೆಯ ಮಾತು ಸುಳ್ಳಲ್ಲ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್, ಹಾಲಿನ ಕೇಸಿನ್ ಬಳಸುತ್ತಾರೆ. ಅದು ಕೊಳೆಯನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ, ಮೇಲಿನದನ್ನು ತೆಗೆದುಕೊಳ್ಳುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಲ್ಲೂ ಇದೇ ಕೆಲಸ ಆಗುತ್ತದೆ. ಟೇಸ್ಟಿಂಗ್ ಕೋಣೆಯಲ್ಲಿ ‘ಫೈನಿಂಗ್‌ಗೆ ಏನು ಬಳಸುತ್ತೀರಿ’ ಎಂದು ನೇರವಾಗಿ ಕೇಳಲಿ. ಒಂದೊಂದು ವೈನಿಗೆ ಒಂದೊಂದು ಉತ್ತರ ಇರುತ್ತದೆ.

ಡಜನ್ ತರುವುದಾದರೆ ಒಂದೇ ಬಗೆಯದ್ದು ತರಬೇಡಿ. ಬಿಳಿ, ರೋಸೆ ವರ್ಷ ಎರಡು ವರ್ಷದೊಳಗೆ ಕುಡಿಯುವಂಥವು, ಇಟ್ಟು ಏನೂ ಲಾಭವಿಲ್ಲ. ಪೀಪಾಯಿಯಲ್ಲಿದ್ದ ಕೆಂಪು ಒಂದೆರಡನ್ನು ಮಾತ್ರ ಎತ್ತಿಡಿ. ಅಗ್ಗದ ‘ಪೋರ್ಟ್’ ಬಗೆಯ ಸಿಹಿ ವೈನ್ ವೈನರಿಗೆ ಹೋಗಿ ತರುವ ವಸ್ತುವಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯದ್ದು ಶಿವಮೊಗ್ಗದ ಅಂಗಡಿಯಲ್ಲೇ ಸಿಗುತ್ತದೆ.

---

ದಾಬಸ್‌ಪೇಟೆ_ತಿರುವು

ಪೋರ್ಟ್ ವಿಷಯದಲ್ಲಿ ಒಪ್ಪೋಲ್ಲ. ಸಿಹಿ ಇಷ್ಟಪಡೋ ಮನೆಯವರಿಗೆ ಅದೇ ಸರಿ, ಬಾಟಲಿ ತೆರೆದ ಮೇಲೂ ಬೇರೆಯದ್ದಕ್ಕಿಂತ ಜಾಸ್ತಿ ದಿನ ಬಾಳುತ್ತೆ. ಇರಲಿ, ರುಚಿ ಅವರವರದ್ದು.

ಸಾಗಿಸೋ ಕ್ರಮ: 750 ಮಿ.ಲೀ. ಬಾಟಲಿ ಗಾಜು ಸೇರಿ 1.2ರಿಂದ 1.3 ಕೆ.ಜಿ., ಡಜನ್ ಅಂದ್ರೆ ಸುಮಾರು 15 ಕೆ.ಜಿ. ವೈನರಿಯ ಅಡ್ಡಗೋಡೆ ಇರೋ ರಟ್ಟಿನ ಪೆಟ್ಟಿಗೆಯನ್ನೇ ಕೇಳಿ ತಗೊಳ್ಳಿ. ಮೀನು ಮಾರೋರು ಬಳಸೋ ಥರ್ಮೋಕೋಲ್ ಪೆಟ್ಟಿಗೆ ಮನೆಯಿಂದಲೇ ತಗೊಂಡು ಹೋಗಿ ಅದರೊಳಗೆ ಇಡಿ, ಮೇಲೊಂದು ಒದ್ದೆ ಗೋಣಿಚೀಲ. ಹಿಂದಿನ ಗಾಜಿನ ಕೆಳಗೆ ಇಡಬೇಡಿ. ಮಾರ್ಚ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ದಾಟುತ್ತೆ. ಊಟಕ್ಕೆ ನಿಲ್ಲಿಸಿದ ಆ ಒಂದು ತಾಸು ಸಾಕು, ವೈನ್ ಬೆಂದು ಜಾಮ್ ವಾಸನೆ ಬರುತ್ತೆ, ಕಾರ್ಕ್ ಮೇಲೇಳುತ್ತೆ. ತಂಪು ಹೊತ್ತಲ್ಲೇ ಹೊರಟು ತಿಪಟೂರಲ್ಲಿ ತಿಂಡಿ, ನೆರಳಲ್ಲಿ ಕಾರು. ಗುಳ್ಳೆ ಬರೋ ವೈನ್ ಇದ್ರೆ ಅದರೊಳಗೆ ಕಾರಿನ ಚಕ್ರಕ್ಕಿಂತ ಜಾಸ್ತಿ ಒತ್ತಡ ಇರುತ್ತೆ, ಅದನ್ನ ಮಾತ್ರ ಮುಂದೆ ಏಸಿ ಹತ್ರ ಇಟ್ಕೊಳ್ಳಿ.

ಅಟ್ಟ ಬೇಡವೇ ಬೇಡ. ಹಗಲು ಹಂಚಿನ ಬಿಸಿ, ಕೆಳಗಿಂದ ಒಲೆಯ ಹೊಗೆ. ಬೇಕಾಗಿರೋದು 12-15 ಡಿಗ್ರಿ, ಅಷ್ಟು ಯಾರ ಮನೇಲೂ ಇಲ್ಲ. ನೆಲಮಟ್ಟದ ಕತ್ತಲೆ ಕೋಣೆಯ ಉತ್ತರದ ಗೋಡೆ ಪಕ್ಕ ಇಡಿ, ಏರಿಳಿತ ಕಡಿಮೆ ಇರುತ್ತೆ. ಕಾರ್ಕ್ ಇರೋದನ್ನ ಮಲಗಿಸಿ, ತಿರುಪು ಮುಚ್ಚಳದ್ದು ನಿಂತೇ ಇರಲಿ. ಮಳೆಗಾಲದ ತೇವ ಕಾರ್ಕಿಗೆ ಒಳ್ಳೇದೇ, ಲೇಬಲ್‌ಗೆ ಮಾತ್ರ ಬೂಷ್ಟು ಹಿಡಿಯುತ್ತೆ. ಪ್ಲಾಸ್ಟಿಕ್ ಹಾಳೆ ಸುತ್ತಿಡಿ.

ಬಿಲ್ ಬಾಟಲಿ ಜೊತೆಗೇ ಇರಲಿ, ಸೀಲ್ ಒಡೀಬೇಡಿ. ಒಬ್ಬರು ಎಷ್ಟು ಒಯ್ಯಬಹುದು ಅನ್ನೋ ಅಬಕಾರಿ ಮಿತಿ ಆ ದಿನಕ್ಕೆ ಎಷ್ಟಿದೆ ಅಂತ ಕೌಂಟರ್‌ನಲ್ಲೇ ಕೇಳಿ. ನಾಲ್ವರ ಹೆಸರಲ್ಲಿ ಬೇರೆ ಬೇರೆ ಬಿಲ್ ಮಾಡಿಸಿದ್ರೆ ತಲೆನೋವಿಲ್ಲ.

---

ಕೆಸುವಿನೆಲೆ

ಹಾಗಾದ್ರೆ ಬುಧವಾರ ಪ್ರಯಾಣ, ಗುರುವಾರ ಬೆಳಿಗ್ಗೆ ವೈನರಿ, ಸಂಜೆ ಒಂದು ಬ್ರೂವರಿ. ಶುಕ್ರವಾರ ಮಧ್ಯಾಹ್ನದೊಳಗೆ ಇನ್ನೊಂದು ಬ್ರೂವರಿ, ಶನಿವಾರ ಬೆಳಗಿನ ಜಾವ ವಾಪಸ್. ಒಂದು ದಿನ ಜಾಸ್ತಿ ಆಯ್ತು, ಮನೇಲಿ ಹೇಳ್ಕೊಳ್ತೇವೆ.

---

ಓಕ್_ಪೀಪಾಯಿ

ಸರಿಯಾಗಿದೆ. ಗುರುವಾರ ಟೇಸ್ಟಿಂಗ್‌ಗೆ ಮುಂಚೆ ನಾಲ್ಕು ಇಡ್ಲಿ ತಿಂದು ಹೋಗಿ, ಚಟ್ನಿ ಕಡಿಮೆ ಖಾರದ್ದು. ಬುತ್ತಿಯಲ್ಲಿ ಮಿಡಿ ಉಪ್ಪಿನಕಾಯಿ ಇದ್ದರೆ ಸಂಜೆಯವರೆಗೆ ಮುಚ್ಚಳ ತೆಗೆಯಬೇಡಿ.